ಇಪ್ಪತ್ತೊಂದು ತುಂಬುವ ಮುಂಚೆ ಎರಡು ಲೆಕ್ಕ ಹಾಕಿ

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ನಮ್ಮೆಜಮಾನರದು ಎಚ್-1ಬಿ ಕೆಲಸದ ವೀಸಾ, ನನ್ನದು ಮಗಳದು ಅದರ ಮೇಲೆ ಕುಟುಂಬಕ್ಕೆ ಸಿಗುವ ಎಚ್-4. ಇಲ್ಲಿಗೆ ಬಂದಾಗ ಅವಳಿಗೆ ಐದು ವರ್ಷ. ಗ್ರೀನ್ ಕಾರ್ಡಿಗೆ ಕೆಲಸದ ಮೇಲೆ ಕೊಡುವ ಇಬಿ-2 ಸಾಲಿನಲ್ಲಿ ಹಾಕಿದ್ದೇವೆ, ಪ್ರಯಾರಿಟಿ ಡೇಟ್, ಅಂದರೆ ಕ್ಯೂನಲ್ಲಿ ನಮ್ಮ ಜಾಗ ಹೇಳುವ ತಾರೀಖು, 2016 ಫೆಬ್ರವರಿ. ಕಂಪನಿ ಗ್ರೀನ್ ಕಾರ್ಡಿಗಾಗಿ ಐ-140 ಅರ್ಜಿ ಹಾಕಿದ್ದು 2016 ಆಗಸ್ಟ್ 8ಕ್ಕೆ, ಅಪ್ರೂವ್ ಆಗಿದ್ದು 2017 ಜನವರಿ 30ಕ್ಕೆ. 2027 ಮಾರ್ಚ್ 20ಕ್ಕೆ ಮಗಳಿಗೆ 21 ತುಂಬುತ್ತದೆ, ಆಮೇಲೆ ನಮ್ಮ ಅರ್ಜಿಯಲ್ಲಿ ಅವಳು 'ಮಗು' ಅಲ್ಲವಂತೆ. 'ಸಿಎಸ್‌ಪಿಎ ಅಂತ ಕಾನೂನಿದೆಯಲ್ಲ, ಏನೂ ಆಗಲ್ಲ ಬಿಡು' ಅಂತಾಳೆ ನನ್ನ ಗೆಳತಿ. ನಂಬಿ ಸುಮ್ನೆ ಕೂರಬಹುದಾ?
— ಒಬ್ಬ ತಾಯಿ

ಉತ್ತರ: ಸುಮ್ನೆ ಕೂರಬೇಡಿ ಮೇಡಂ. ನಿಮ್ಮ ಗೆಳತಿ ಹೇಳಿದ್ದು ಅರ್ಧ ಸರಿ, ಆದರೆ ಉಳಿದ ಅರ್ಧದಲ್ಲೇ ಎಷ್ಟೋ ಮನೆಗಳು ಎಡವಿವೆ.

ನಿಮ್ಮ ಮಗಳಿಗೆ ಎರಡು ವಯಸ್ಸು ಇದೆ ಅಂದುಕೊಳ್ಳಿ. ಒಂದು ಕೇಕ್ ಕತ್ತರಿಸುವ ವಯಸ್ಸು, ಇನ್ನೊಂದು ಸಿಎಸ್‌ಪಿಎ ಲೆಕ್ಕದ ವಯಸ್ಸು. ಆ ಕಾನೂನು ಬಂದಿದ್ದು 2002ರ ಆಗಸ್ಟ್‌ನಲ್ಲಿ. ಐ-140 ಸರ್ಕಾರದ ಮೇಜಿನ ಮೇಲೆ ಎಷ್ಟು ದಿನ ಕೂತಿತ್ತೋ ಅಷ್ಟು ದಿನವನ್ನು ಮಗುವಿನ ವಯಸ್ಸಿನಿಂದ ಕಳೆಯಬಹುದು, ಸರ್ಕಾರ ತಡ ಮಾಡಿದ್ದಕ್ಕೆ ಮಗುವಿಗೆ ಶಿಕ್ಷೆ ಬೇಡ ಅನ್ನೋದು ಅದರ ಆಶಯ. ನಿಮ್ಮ ಕೇಸಲ್ಲಿ ಅದು 175 ದಿನ. ಅಂದರೆ ಗ್ರೀನ್ ಕಾರ್ಡ್ ಲೆಕ್ಕದಲ್ಲಿ ಅವಳಿಗೆ 2027 ಸೆಪ್ಟೆಂಬರ್ 10ರವರೆಗೂ 21 ತುಂಬಿರುವುದಿಲ್ಲ. ಅಷ್ಟರೊಳಗೆ ನಿಮ್ಮ ಡೇಟ್ ಕರೆಂಟ್ ಆಗಬೇಕು, ಅಂದರೆ ನಿಮ್ಮ ಸರದಿ ಬರಬೇಕು, ಆದಮೇಲೆ ಒಂದು ವರ್ಷದೊಳಗೆ ಅವಳ ಅರ್ಜಿ ಹೋಗಬೇಕು, ಮತ್ತೆ ಅವಳು ಮದುವೆಯಾಗಿರಬಾರದು.

ಐ-140ಗೂ ಮುಂಚೆ ಕಾರ್ಮಿಕ ಇಲಾಖೆಯಿಂದ ಪಡೆಯುವ ಪರ್ಮ್ ಒಪ್ಪಿಗೆಗೆ ಹಿಡಿದ ತಿಂಗಳುಗಳನ್ನೂ ಕಳೆಯಬಹುದು ಅಂತ ಕೆಲವರು ತಿಳಿದಿದ್ದಾರೆ. ಅದು ಲೆಕ್ಕಕ್ಕಿಲ್ಲ. ಇನ್ನೊಂದು ತಮಾಷೆ ನೋಡಿ, ಆಗ ಬೇಗ ಆಗಲಿ ಅಂತ ಪ್ರೀಮಿಯಂ ಫೀಸು ಕಟ್ಟಿ 15 ದಿನದಲ್ಲಿ ಐ-140 ಮಾಡಿಸಿಕೊಂಡವರಿಗೆ ಈಗ ಕಳೆಯೋಕೆ ಸಿಗುವುದೂ ಆ 15 ದಿನವೇ! ದುಡ್ಡು ಉಳಿಸೋಣ ಅಂತ ಸಾದಾ ಕ್ಯೂನಲ್ಲಿ ಹಾಕಿದ ನಿಮಗೆ ಸುಮಾರು ಆರು ತಿಂಗಳು ಸಿಕ್ಕಿದೆ.

ಆದರೆ ಆ ಆರು ತಿಂಗಳು ಸಾಕಾ ಅನ್ನೋದೇ ಪ್ರಶ್ನೆ. ಯಾರ ಸರದಿ ಬಂದಿದೆ ಅಂತ ಅಮೆರಿಕ ಸರ್ಕಾರ ತಿಂಗಳು ತಿಂಗಳು ಹೇಳುವುದೇ ವೀಸಾ ಬುಲೆಟಿನ್. 2025ರ ಅಕ್ಟೋಬರ್‌ನದು ತೆಗೆದು ನೋಡಿದರೆ ಭಾರತದ ಇಬಿ-2 ಸಾಲಿನ ಫೈನಲ್ ಆಕ್ಷನ್ ಡೇಟ್, ಅಂದರೆ ಕಾರ್ಡ್ ಕೊಡುವ ಸರದಿ ಮುಟ್ಟಿದ ತಾರೀಖು, 2013 ಏಪ್ರಿಲ್ 1. ಅಲ್ಲಿಂದ 2016ರ ಫೆಬ್ರವರಿಗೆ ಸುಮಾರು ಮೂರು ವರ್ಷದ ಸಾಲು, ಅದು ಎರಡು ವರ್ಷದಲ್ಲಿ ಕರಗಬೇಕು. ಕೆಲಸದ ಮೇಲೆ ಕೊಡುವ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000, ಒಂದು ದೇಶಕ್ಕೆ ಶೇ 7ರ ಮಿತಿ, ಆ ಸಂಖ್ಯೆಯೊಳಗೇ ಗಂಡ, ಹೆಂಡತಿ, ಮಕ್ಕಳು ಎಲ್ಲರೂ. ಬುಲೆಟಿನ್ ಒಮ್ಮೊಮ್ಮೆ ದಿಢೀರ್ ಅಂತ ಮುಂದೆ ಹೋಗುವುದೂ ಉಂಟು, ಹಿಂದೆ ಸರಿಯುವುದೂ ಉಂಟು, ಅದಕ್ಕೇ ಆಸೆ ಬಿಡಿ ಅಂತ ನಾನು ಹೇಳಲ್ಲ. ಆದರೆ ಅದನ್ನೇ ನಂಬಿ ಮಗಳ ಓದು ನಿಲ್ಲಿಸಬೇಡಿ.

ಇನ್ನೊಂದು ವಿಷಯ. ಬುಲೆಟಿನ್‌ನಲ್ಲಿ ಎರಡು ಪಟ್ಟಿ ಇರುತ್ತದೆ ಅಲ್ವಾ? 2023ರ ಫೆಬ್ರವರಿಯಿಂದ ಸ್ವಲ್ಪ ಕಾಲ ವಲಸೆ ಇಲಾಖೆ ಯುಎಸ್‌ಸಿಐಎಸ್ ಮುಂದಿರುವ ಪಟ್ಟಿ, ಅಂದರೆ ಅರ್ಜಿ ಹಾಕಲು ಕರೆಯುವ ಡೇಟ್ಸ್ ಫಾರ್ ಫೈಲಿಂಗ್ ಪಟ್ಟಿ ಹಿಡಿದೂ ಮಕ್ಕಳ ವಯಸ್ಸು ಲಾಕ್ ಮಾಡುತ್ತಿತ್ತು. 2025 ಆಗಸ್ಟ್ 15ರಿಂದ ಹಾಕಿದ ಅರ್ಜಿಗಳಿಗೆ ಅದು ಹೋಯ್ತು, ಈಗ ಫೈನಲ್ ಆಕ್ಷನ್ ಡೇಟ್ ಮಾತ್ರ. ವಾಟ್ಸಾಪ್‌ನಲ್ಲಿ ಇನ್ನೂ ಹಳೇ ಮೆಸೇಜೇ ಓಡಾಡುತ್ತಿದೆ, ನಿಮ್ಮ ಗೆಳತಿ ನೋಡಿದ್ದೂ ಬಹುಶಃ ಅದನ್ನೇ.

ಈಗ ಮುಖ್ಯವಾದದ್ದಕ್ಕೆ ಬರೋಣ. ಈ 175 ದಿನ ಗ್ರೀನ್ ಕಾರ್ಡಿಗೆ ಮಾತ್ರ. ಎಚ್-4ಗೆ ಅದು ಗೊತ್ತೇ ಇಲ್ಲ. 2027 ಮಾರ್ಚ್ 20ಕ್ಕೆ ಕೇಕ್ ಕತ್ತರಿಸಿದಳು ಅಂದರೆ ಎಚ್-4 ಮುಗೀತು, ಇಲ್ಲಿ ಎಲ್ಲಿಯವರೆಗೆ ಇರಬಹುದು ಅಂತ ಹೇಳುವ ಅವಳ ಐ-94ರಲ್ಲಿ ಯಾವ ತಾರೀಖು ಇದ್ದರೂ ಸರಿ. ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ನೀವು ಬುಲೆಟಿನ್ ಕಾಯುತ್ತೀರಲ್ಲ, ಆ ಹೊತ್ತಿನಲ್ಲಿ ಅವಳು ಇಲ್ಲಿರುವುದಕ್ಕೆ ಬೇರೆ ಸ್ಟೇಟಸ್ ಬೇಕೇ ಬೇಕು. ಸಾಮಾನ್ಯವಾಗಿ ಅದು ವಿದ್ಯಾರ್ಥಿಗಳ ಎಫ್-1. ಕಾಲೇಜಿನ ಇಂಟರ್‌ನ್ಯಾಷನಲ್ ಆಫೀಸಿಗೆ ಹೋಗಿ ಎಫ್-1ಗೆ ಬೇಕಾದ ಐ-20 ಪತ್ರ ಕೇಳಲಿ, ಸ್ಟೇಟಸ್ ಬದಲಿಸುವ ಐ-539 ಅರ್ಜಿ 21 ತುಂಬುವ ಮುಂಚೆಯೇ ಯುಎಸ್‌ಸಿಐಎಸ್‌ಗೆ ತಲುಪಿರಬೇಕು, ಆರೆಂಟು ತಿಂಗಳು ಮುಂಚೆ ಶುರುಮಾಡಿದರೆ ಒಳ್ಳೇದು. ಐದನೇ ವಯಸ್ಸಿನಿಂದ ಇಲ್ಲೇ ಬೆಳೆದವಳು ಆ ಆಫೀಸಿನಲ್ಲಿ ನಿನ್ನೆ ವಿಮಾನ ಇಳಿದವರ ಜೊತೆ ಸಾಲಲ್ಲಿ ನಿಂತು ತಾನೂ ವಿದೇಶಿ ವಿದ್ಯಾರ್ಥಿ ಅಂತ ಬರೆಯಬೇಕು. ಬೇಜಾರಾಗುತ್ತೆ. ಮೊದಲೇ ಕೂರಿಸಿ ಹೇಳಿಬಿಡಿ. ಫೀಸೂ ವಿಚಾರಿಸಿ, ಎಚ್-4ಗೆ ಸಿಗುವ ರಾಜ್ಯದವರ ದರ ಎಫ್-1ಗೆ ಎಲ್ಲ ಕಡೆ ಸಿಗುವುದಿಲ್ಲ.

ಎಫ್-1ರಲ್ಲಿ ಒಂದು ಲಾಭವೂ ಇದೆ. ಎಚ್-4 ಮಕ್ಕಳು ಕೆಲಸ ಮಾಡುವ ಹಾಗಿಲ್ಲ, ಎಫ್-1ರಲ್ಲಿ ಓದು ಮುಗಿದ ಮೇಲೆ 12 ತಿಂಗಳ ಒಪಿಟಿ, ಅಂದರೆ ಓದಿದ ವಿಷಯದಲ್ಲಿ ಕೆಲಸ ಮಾಡುವ ಅನುಮತಿ, ವಿಜ್ಞಾನ ಅಥವಾ ಎಂಜಿನಿಯರಿಂಗ್ ಡಿಗ್ರಿಯಾದರೆ ಇನ್ನೂ 24 ತಿಂಗಳು. ಆದರೆ ವೀಸಾ ಸ್ಟಾಂಪಿಂಗ್‌ಗೆ ಹೊರಗೆ ಹೋಗುವ ಮುನ್ನ ವಕೀಲರನ್ನು ಕೇಳಿ. ಓದು ಮುಗಿಸಿ ವಾಪಸ್ ಹೋಗುತ್ತೇನೆ ಅಂತ ಕಾನ್ಸುಲೇಟ್‌ನಲ್ಲಿ ಒಪ್ಪಿಸಬೇಕಾಗುತ್ತದೆ, ಅಪ್ಪ ಅಮ್ಮ ಇಬ್ಬರೂ ಗ್ರೀನ್ ಕಾರ್ಡ್ ಕ್ಯೂನಲ್ಲಿರುವಾಗ ಅದು ಸುಲಭದ ಮಾತಲ್ಲ.

ಪ್ರಶ್ನೆ: ದೊಡ್ಡ ಮಗ ಭಾರತದಲ್ಲಿ ಹುಟ್ಟಿದ್ದು, ಚಿಕ್ಕವಳು ಅಮೆರಿಕದಲ್ಲಿ ಹುಟ್ಟಿ ಅಮೆರಿಕನ್ ಸಿಟಿಜನ್ ಆಗಿದ್ದಾಳೆ. ತಂಗಿಯೇ ಅಣ್ಣನಿಗೆ ಗ್ರೀನ್ ಕಾರ್ಡ್ ಮಾಡಿಸಬಹುದಲ್ಲ?

ಉತ್ತರ: ಮಾಡಿಸಬಹುದು, ಅವಳಿಗೆ 21 ಆದಮೇಲೆ. ಒಡಹುಟ್ಟಿದವರ ಸಾಲಿಗೆ ಎಫ್-4 ಅಂತಾರೆ. ಭಾರತದವರಿಗೆ ಅಲ್ಲಿ 2025ರಲ್ಲಿ ಕರೆಯುತ್ತಿದ್ದದ್ದು 2006ರ ಅರ್ಜಿಗಳನ್ನು. ಅಷ್ಟು ಹೊತ್ತಿಗೆ ಅಣ್ಣನ ಮಕ್ಕಳೇ ಕಾಲೇಜಿಗೆ ಹೋಗುತ್ತಿರುತ್ತಾರೆ.

ಪ್ರಶ್ನೆ: ಅಮೆರಿಕದಲ್ಲಿ ದಾಖಲೆ ಇಲ್ಲದೆ ಬಂದ ಮಕ್ಕಳಿಗೆ ಗಡಿಪಾರಿನಿಂದ ರಕ್ಷಿಸುವ ಡಾಕಾ ಇದೆ, ಕಾನೂನು ಪ್ರಕಾರ ಬಂದ ನಮ್ಮ ಮಕ್ಕಳಿಗೆ ಯಾಕಿಲ್ಲ?

ಉತ್ತರ: ನೀವು ಸಿಟ್ಟಾಗಿ ಬರೆದಿದ್ದೀರಿ, ಸಿಟ್ಟು ನ್ಯಾಯವೇ. 2012 ಜೂನ್ 15ರಂದು ಸ್ಟೇಟಸ್ ಇಲ್ಲದವರಿಗೆ ಮಾತ್ರ ಡಾಕಾ. ಸ್ಟೇಟಸ್ ಕಾಪಾಡಿಕೊಂಡಿದ್ದೇ ಅಡ್ಡಿಯಾಯ್ತು. ಇಂಥ ಮಕ್ಕಳಿಗಾಗಿ ಅಮೆರಿಕಾಸ್ ಚಿಲ್ಡ್ರನ್ ಆಕ್ಟ್ ಅನ್ನುವ ಮಸೂದೆ 2021ರಲ್ಲೇ ಸಂಸತ್ತಿಗೆ ಬಂತು, ಆ ಸಲ ಪಾಸಾಗಲಿಲ್ಲ. ಕೆನಡಾದಲ್ಲಿ ಪರ್ಮನೆಂಟ್ ರೆಸಿಡೆನ್ಸಿ ಅರ್ಜಿಗೆ ಮಗುವಿಗೆ 22ಕ್ಕಿಂತ ಕಮ್ಮಿ ಇದ್ದರೆ ಸಾಕು, ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಅರ್ಜಿ ತಲುಪಿದ ದಿನದ ವಯಸ್ಸೇ ಲಾಕ್. ಅಮೆರಿಕಕ್ಕೆ ಇಷ್ಟು ಸರಳ ಯಾಕಾಗುವುದಿಲ್ಲವೋ!

ಪ್ರಶ್ನೆ: ನಾವಿಬ್ಬರೂ ಭಾರತದಲ್ಲಿ ಹುಟ್ಟಿದವರು, ಮಗ ಹುಟ್ಟಿದ್ದು ಸಿಂಗಪುರದಲ್ಲಿ. ಗ್ರೀನ್ ಕಾರ್ಡಿಗೆ ಅವನ ದೇಶದ ಕ್ಯೂ ನಮಗೆ ಸಿಗುತ್ತಾ?

ಉತ್ತರ: ಇಲ್ಲ. ಹೆಂಡತಿ ಹುಟ್ಟಿದ ದೇಶದ ಕ್ಯೂ ಗಂಡನಿಗೆ ಸಿಗುತ್ತದೆ, ಗಂಡನದು ಹೆಂಡತಿಗೆ, ಅಪ್ಪ ಅಮ್ಮನದು ಮಕ್ಕಳಿಗೆ. ಮಕ್ಕಳದ್ದು ಅಪ್ಪ ಅಮ್ಮನಿಗೆ ಸಿಗುವುದಿಲ್ಲ. ಆದರೆ ಅವನ ಜನನ ಪತ್ರ ಜೋಪಾನವಾಗಿಡಿ. ನಾಳೆ ಅವನಿಗೇ ಒಂದು ಕಂಪನಿ ಐ-140 ಹಾಕಿದರೆ ಅವನು ಭಾರತದ ಸಾಲಿನಲ್ಲಿ ನಿಲ್ಲಬೇಕಿಲ್ಲ. ನಿಮಗಿಂತ ಮೊದಲು ಅವನ ಕಾರ್ಡೇ ಮನೆಗೆ ಬಂದರೂ ಆಶ್ಚರ್ಯವಿಲ್ಲ.