ಮಂಗಳೂರಿನಲ್ಲಿ ಆಪರೇಷನ್, ಕಾಸರಗೋಡಿನಲ್ಲಿ ಕೇಸು ಹಾಕಬಹುದೇ?

ಪ್ರಶ್ನೆ: ನಮ್ಮ ಮನೆ ಬದಿಯಡ್ಕದ ಹತ್ತಿರ. 20 ತಿಂಗಳ ಹಿಂದೆ ಮಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಅಮ್ಮನಿಗೆ ಗರ್ಭಕೋಶದ ಆಪರೇಷನ್ ಆಯಿತು. ಆಮೇಲೆ ಹೊಟ್ಟೆನೋವು ಬಿಡಲೇ ಇಲ್ಲ. ತೋರಿಸಲು ಹೋದಾಗೆಲ್ಲ ಗ್ಯಾಸ್ ಎಂದು ಮಾತ್ರೆ ಕೊಟ್ಟರು. ಕಳೆದ ತಿಂಗಳು ಬೇರೆ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿಸಿದರೆ, ಒಳಗೆ ರಕ್ತ ಒರೆಸುವ ಬಟ್ಟೆ ಉಳಿದಿತ್ತು! ಮತ್ತೆ ಕೊಯ್ದು ತೆಗೆದರು. ಕೇಸಿಗಾಗಿ ಮಂಗಳೂರಿಗೇ ಓಡಾಡಬೇಕೇ? ಒಪ್ಪಿಗೆ ಪತ್ರಕ್ಕೆ ನಾವೇ ಸಹಿ ಹಾಕಿದ್ದೇವಲ್ಲ? ಪೊಲೀಸರಿಗೂ ದೂರು ಕೊಡಬೇಕೇ?

ಉತ್ತರ: ನಿಮ್ಮ ಅಮ್ಮ 20 ತಿಂಗಳು ನೋವು ತಿಂದಿದ್ದಾರೆ. ಓದಿ ಸಂಕಟವಾಯಿತು. ಮಂಗಳೂರಿಗೆ ಓಡಾಡಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅಮ್ಮನ ಹೆಸರಿನಲ್ಲಿ ಕಾಸರಗೋಡು ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಿ. ಆಸ್ಪತ್ರೆಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಡಾಕ್ಟರು, ಆಸ್ಪತ್ರೆ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ.

ನನಗೆ ಚಿಂತೆ ಇರುವುದು ದಿನಗಳ ಲೆಕ್ಕದ ಬಗ್ಗೆ. ದೂರು ಕೊಡಲು ಇರುವುದು 2 ವರ್ಷ. ಬಟ್ಟೆ ಸಿಕ್ಕಿದ ದಿನದಿಂದ ಎಣಿಸಬಹುದು ಎಂದು ಕೆಲವರು ಹೇಳಿಯಾರು. ಅದನ್ನೇ ನಂಬಿ ಕೂರಬೇಡಿ. ಇಂಥದ್ದೇ ಒಂದು ಪ್ರಕರಣದಲ್ಲಿ ಪಿತ್ತಕೋಶದ ಆಪರೇಷನ್ ಆದದ್ದು 1993ರಲ್ಲಿ, ಬಟ್ಟೆ ಸಿಕ್ಕಿದ್ದು 2002ರಲ್ಲಿ. ಅಷ್ಟು ವರ್ಷ ನೋವಿದ್ದರೂ ಯಾಕೆ ತೋರಿಸಿಕೊಳ್ಳಲಿಲ್ಲ ಎಂದು ಕೇಳಿದ ಸುಪ್ರೀಂ ಕೋರ್ಟ್, ತಡವಾಯಿತೆಂದು ದೂರನ್ನು 2010ರಲ್ಲಿ ತಳ್ಳಿಹಾಕಿತು. ನಿಮ್ಮ ಅಮ್ಮ ತೋರಿಸಿಕೊಳ್ಳುತ್ತಲೇ ಇದ್ದರು, ಅದು ನಿಮ್ಮ ಬಲ. ಆದರೂ ಮೊದಲ ಆಪರೇಷನ್ ದಿನದಿಂದಲೇ ಎಣಿಸಿ. ನಿಮಗೆ ಉಳಿದಿರುವುದು 4 ತಿಂಗಳು ಮಾತ್ರ.

ಈ ವಾರವೇ ಮೊದಲ ಆಸ್ಪತ್ರೆಗೆ ಲಿಖಿತ ಅರ್ಜಿ ಕೊಟ್ಟು ಪೂರ್ತಿ ಕೇಸ್ ಶೀಟ್ ಕೇಳಿ. ಸ್ವೀಕೃತಿ ಪಡೆಯಲು ಮರೆಯಬೇಡಿ. ವೈದ್ಯರ ವೃತ್ತಿ ನಿಯಮದಂತೆ 72 ಗಂಟೆಯೊಳಗೆ ಕೊಡಬೇಕು. ಹೊಲಿಗೆ ಹಾಕುವ ಮೊದಲು ಬಟ್ಟೆ, ಉಪಕರಣಗಳನ್ನು ಎಣಿಸಿ ಬರೆದಿಡುವ ಹಾಳೆಯನ್ನೂ ಹೆಸರಿಟ್ಟು ಕೇಳಿ. ಎರಡನೇ ಆಸ್ಪತ್ರೆಯ ಡಿಸ್ಚಾರ್ಜ್ ಕಾಗದದಲ್ಲಿ ಸುಮ್ನೆ ‘ಫಾರಿನ್ ಬಾಡಿ’ (ಹೊರಗಿನ ವಸ್ತು) ಎಂದಷ್ಟೇ ಇದೆಯಾ ನೋಡಿ. ಹಾಗಿದ್ದರೆ ತೆಗೆದದ್ದು ಏನು, ಎಲ್ಲಿತ್ತು ಎಂದು ವಿವರವಾಗಿ ಇರುವ ಆಪರೇಷನ್ ನೋಟ್ಸ್ ಪಡೆಯಿರಿ. ಇನ್ನೊಬ್ಬ ಡಾಕ್ಟರ ವಿರುದ್ಧ ಬರೆಯಲು ಹಿಂಜರಿಯುವವರು ಇದ್ದಾರೆ. ಬಿಡದೆ ಕೇಳಿ.

ಆಪರೇಷನ್ ಫಲಿಸದಿದ್ದರೆ ಅದೆಲ್ಲ ನಿರ್ಲಕ್ಷ್ಯವಲ್ಲ. ಒಳ್ಳೆಯ ಡಾಕ್ಟರ ಕೈಯಲ್ಲೂ ತೊಡಕುಗಳು ಆಗುತ್ತವೆ. ಆದರೆ ಹೊಟ್ಟೆಯಲ್ಲಿ ಬಟ್ಟೆ ಬಿಡುವುದು ಅಂಥ ತೊಡಕಲ್ಲ. ಎಣಿಸಿದ್ದು ನರ್ಸ್ ಎಂದರೂ ಆಸ್ಪತ್ರೆ ಹೊಣೆ ತಪ್ಪುವುದಿಲ್ಲ. ಸಹಿ ಹಾಕಿದ್ದು ಆಪರೇಷನ್ ಮಾಡಿ ಎಂದಲ್ವಾ? ಅಜಾಗರೂಕತೆಗೆ ಯಾರೂ ಒಪ್ಪಿಗೆ ಕೊಡುವುದಿಲ್ಲ.

ಪೊಲೀಸ್ ದೂರನ್ನು ಮೊದಲ ಹೆಜ್ಜೆಯಾಗಿ ನಾನು ಹೇಳುವುದಿಲ್ಲ. ಕ್ರಿಮಿನಲ್ ಕೇಸಿಗೆ ತೀರಾ ದೊಡ್ಡ ನಿರ್ಲಕ್ಷ್ಯ ಇರಬೇಕು, ಬೇರೆ ಡಾಕ್ಟರ ಅಭಿಪ್ರಾಯವೂ ಬೇಕು ಎಂದು 2005ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಅಮ್ಮನಿಗೆ ಪರಿಹಾರ ಸಿಗುವ ದಾರಿ ಗ್ರಾಹಕ ಆಯೋಗವೇ. ಈ ನಡುವೆ ಆಸ್ಪತ್ರೆಯವರು ಬಿಲ್ಲಿನ ಹಣ ವಾಪಸ್ ಕೊಡುತ್ತೇವೆಂದು ಬಂದರೆ, ವಕೀಲರಿಗೆ ತೋರಿಸದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ.