ತಲೆಯಾಡಿಸದ ಸಂದರ್ಶಕ

(ಆಕೆಯ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ಬದಲಿಸಿ ಬರೆದದ್ದು.)

ಈ ಯುವತಿ ಸೋಮವಾರಪೇಟೆ ಕಡೆಯ ಹಳ್ಳಿಯವರು, ಬಿ.ಕಾಂ. ಮುಗಿಸಿದ್ದಾರೆ. ಸಲಹೆ ಕೇಳಲು ಮಡಿಕೇರಿಗೆ ನನ್ನ ಬಳಿ ಬಂದಾಗ ಮೊದಲು ಹೇಳಿದ್ದು ರಾತ್ರಿ ನಿದ್ದೆ ಬರುತ್ತಿಲ್ಲ ಎಂದು. ಕೆಲಸದ ವಿಷಯ ಬಂದದ್ದು ಆಮೇಲೆ. ಬೆಂಗಳೂರಿನ ಕಂಪನಿಯೊಂದರ ಅಕೌಂಟ್ಸ್ ವಿಭಾಗಕ್ಕೆ ಅರ್ಜಿ ಹಾಕಿದ್ದರು. ಉತ್ತರವಾಗಿ ಸಂದರ್ಶನದ ಒಂದು ಲಿಂಕ್ ಬಂತು. ತೆರೆದರೆ ಪರದೆ ಮೇಲೆ ಪ್ರಶ್ನೆ, ಯೋಚಿಸಲು ಅರ್ಧ ನಿಮಿಷ, ಉತ್ತರಿಸಲು ಎರಡು ನಿಮಿಷ, ಮೂಲೆಯಲ್ಲಿ ತನ್ನದೇ ಮುಖ. ಎದುರಿಗೆ ಯಾರೂ ಇಲ್ಲ, ಸಂದರ್ಶನ ನಡೆಸುವುದು ಕಂಪ್ಯೂಟರ್. ಅದೇ ರಾತ್ರಿ ‘ಆಯ್ಕೆಯಾಗಿಲ್ಲ’ ಎಂಬ ಮೇಲ್.

“ಮನುಷ್ಯರು ಬೇಡ ಅಂದಿದ್ದರೆ ಇಷ್ಟು ಬೇಜಾರಾಗ್ತಿರಲಿಲ್ಲ ಮೇಡಂ. ಮೆಷಿನ್ನಿಗೂ ಬೇಡವಾದೆ.”

ಅಮ್ಮ ಮದುವೆಯ ಮಾತು ಎತ್ತಿದ್ದರು. ಅಷ್ಟರಲ್ಲಿ ಇನ್ನೊಂದು ಕಂಪನಿಯಿಂದ ಅಂಥದೇ ಲಿಂಕ್ ಬಂದಿತ್ತು; ಅದನ್ನು ತೆರೆಯಲು ಕೈ ಬರುತ್ತಿರಲಿಲ್ಲ.

ಧೈರ್ಯ ಹೇಳುವ ಮೊದಲು, ಆವತ್ತಿನ ಒಂದು ಉತ್ತರವನ್ನು ನನ್ನೆದುರು ಮತ್ತೆ ಹೇಳಿ ಎಂದೆ. ಎರಡು ವಾಕ್ಯ ಹೇಳಿ ನನ್ನ ಮುಖ ನೋಡಿದರು. ನಾನು ಬೇಕೆಂದೇ ಸುಮ್ಮನೆ ಕೂತೆ. ಅವರ ಮಾತು ಅಲ್ಲಿಗೇ ನಿಂತಿತು. ‘ಹ್ಞೂಂ’ ಅಂದೆ, ಮತ್ತೆ ಹರಿಯಿತು. ಇನ್ನೊಂದು ಪ್ರಶ್ನೆಗೂ ಇದೇ ಕಥೆ. ನಮ್ಮಲ್ಲಿ ಮಾತು ನಡೆಯುವುದೇ ಎದುರಿನವರ ಹ್ಞೂಂಗುಟ್ಟುವಿಕೆಯ ಮೇಲೆ, ಕಂಪ್ಯೂಟರ್ ಹ್ಞೂಂಗುಟ್ಟುವುದಿಲ್ಲ. ಎರಡು ನಿಮಿಷದ ಜಾಗದಲ್ಲಿ ಆಕೆ ಇಪ್ಪತ್ತು ಸೆಕೆಂಡ್ ಮಾತಾಡಿ ಮುಗಿಸಿದ್ದರು. ಇಂಥ ಸುತ್ತುಗಳಲ್ಲಿ ಸಾಮಾನ್ಯವಾಗಿ ತಂತ್ರಾಂಶ ನಮ್ಮ ಮಾತನ್ನು ಬರಹಕ್ಕಿಳಿಸಿ, ಕಂಪನಿಯವರು ಕೊಟ್ಟ ಮಾನದಂಡಗಳಿಗೆ ಹೋಲಿಸಿ ಅಂಕ ಕೊಡುತ್ತದೆ. ಆಡದೇ ಉಳಿದ ಮಾತಿಗೆ ಅಂಕ ಎಲ್ಲಿಂದ? ಮಾನದಂಡ ಬರೆದವರು ಮನುಷ್ಯರೇ, ಆ ಮೇಲ್ ನಿಮ್ಮ ಬಗ್ಗೆ ಬಂದ ತೀರ್ಪಲ್ಲ, ನಾಲ್ಕು ಗಿಡ್ಡ ಉತ್ತರಗಳ ಬಗ್ಗೆ ಬಂದದ್ದು ಎಂದೆ. ಪೂರ್ತಿ ನಂಬಲಿಲ್ಲ, ಆದರೆ ಅಳು ನಿಂತಿತು.

ಹೇಳಲು ಏನಿದೆ ಎಂಬುದೇ ಮುಂದಿನ ತೊಡಕು. “ನನಗೆ ಅನುಭವವೇ ಇಲ್ಲ” ಎನ್ನುತ್ತಿದ್ದರು. ಕೆದಕಿದಾಗ ಗೊತ್ತಾಯಿತು: ಅಪ್ಪ ಎಸ್ಟೇಟೊಂದರಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು. ಅಪ್ಪನಿಗೆ ಹುಷಾರಿಲ್ಲದ ಹಂಗಾಮಿನಲ್ಲಿ ಚೆಕ್‌ರೋಲ್ (ಕೆಲಸಗಾರರ ಹಾಜರಿ, ಕೂಲಿಯ ಪುಸ್ತಕ) ಬರೆದು, ಸಂಜೆ ಕುಯ್ಲಿನ ಚೀಲಗಳ ತೂಕ ದಾಖಲಿಸಿ, ವಾರದ ಬಟವಾಡೆಯ ಲೆಕ್ಕ ತೆಗೆದವರು ಈಕೆಯೇ. ತೂಕದ ವಿಷಯಕ್ಕೆ ದಿನಾ ಜಗಳವಾಗುತ್ತಿತ್ತಂತೆ. ತಕ್ಕಡಿಯ ಪಕ್ಕದಲ್ಲೇ ನಿಂತು, ಪ್ರತಿಯೊಬ್ಬರ ಕೈಗೂ ಆ ದಿನದ ಕಿಲೋ ಬರೆದ ಚೀಟಿ ಕೊಡಲು ಶುರು ಮಾಡಿದರು; ಎರಡನೇ ವಾರಕ್ಕೆ ಜಗಳ ನಿಂತಿತು. “ಅದು ಮನೆ ಕೆಲಸ ಮೇಡಂ, ಅದನ್ನೆಲ್ಲ ಹೇಳ್ತಾರಾ?” ಅಂದರು. ‘ಭಿನ್ನಾಭಿಪ್ರಾಯವನ್ನು ಹೇಗೆ ಬಗೆಹರಿಸಿದಿರಿ’ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಎಂಬಿಎ ಮಾಡಿದವರ ಬಾಯಲ್ಲೂ ನಾನು ಕೇಳಿಲ್ಲ.

ಮೊದಲ ಸಲ ಹೇಳಿದಾಗ ಎಲ್ಲವೂ ‘ನಾವು’. ನಾವು ಬರೆದೆವು, ನಾವು ಕೊಟ್ಟೆವು. ಕೊಡಗಿನ ಮನೆಗಳಲ್ಲಿ ‘ನಾನು ಮಾಡಿದೆ’ ಎಂದರೆ ಜಂಬ ಎನ್ನುತ್ತಾರೆ, ನನಗೆ ಗೊತ್ತು. ಆದರೂ ಇಲ್ಲಿ ‘ನಾನು’ ಅನ್ನಲೇಬೇಕು. ತೊಂದರೆ ಏನಿತ್ತು, ನಿಮ್ಮ ಪಾಲಿನ ಕೆಲಸ ಯಾವುದು, ಏನು ಮಾಡಿದಿರಿ, ಕೊನೆಗೆ ಏನಾಯಿತು ಎಂಬ ಕ್ರಮದಲ್ಲಿ ಹೇಳಿಸಿದೆ. ಬಾಯಿಪಾಠ ಬೇಡ, ಘಟನೆ ನೆನಪಿದ್ದರೆ ಸಾಕು.

ಫೋನಿನ ಧ್ವನಿ ಟೈಪಿಂಗ್ ಹಾಕಿ ಇಂಗ್ಲಿಷಿನಲ್ಲಿ ಅದನ್ನೇ ಹೇಳಿಸಿದೆ. ‘ಚೆಕ್‌ರೋಲ್’ ಇದ್ದದ್ದು ಪರದೆಯಲ್ಲಿ ‘ಚಿಕನ್ ರೋಲ್’ ಆಗಿತ್ತು! ಅವರು ಅಷ್ಟು ನಕ್ಕದ್ದನ್ನು ನೋಡಿದ್ದು ಅದೇ ಮೊದಲು. ‘ಅಟೆಂಡೆನ್ಸ್ ಅಂಡ್ ವೇಜ್ ರಿಜಿಸ್ಟರ್’ ಎಂದರೆ ಸರಿಯಾಗಿ ಬಂತು. ಉಚ್ಚಾರಣೆಯನ್ನು ಬೆಂಗಳೂರಿನ ಹಾಗೆ ಮಾಡಿಕೊಳ್ಳುವ ಹಟ ಬೇಡ. ನಿಧಾನವಾಗಿ, ವಾಕ್ಯದ ಕೊನೆಯನ್ನು ನುಂಗದೆ ಹೇಳಿದರಾಯಿತು.

ತಂತ್ರಾಂಶ ಮುಖ ನೋಡಿ ಮನಸ್ಸು ಓದುತ್ತದಂತೆ ಎಂಬ ಭಯವೂ ಇತ್ತು. ಸುಳ್ಳು ಸುದ್ದಿಯೇನಲ್ಲ. ವಿಡಿಯೊ ಸಂದರ್ಶನದ ತಂತ್ರಾಂಶ ಒದಗಿಸುವ ಹೈರ್‌ವ್ಯೂ ಎಂಬ ಅಮೆರಿಕದ ಕಂಪನಿ ಮುಖಭಾವದ ವಿಶ್ಲೇಷಣೆ ಮಾಡುತ್ತಿತ್ತು. ಟೀಕೆಗಳು ಬಂದ ಮೇಲೆ, ಅದನ್ನು ಕೈಬಿಟ್ಟಿರುವುದಾಗಿ 2021ರಲ್ಲಿ ಹೇಳಿತು. ಕೆಲಸದ ಜಾಗದಲ್ಲಿ ಭಾವನೆ ಅಳೆಯುವ ತಂತ್ರಾಂಶಕ್ಕೆ ಯುರೋಪಿಯನ್ ಒಕ್ಕೂಟದಲ್ಲಿ, ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣ ಬಿಟ್ಟರೆ, 2025ರ ಫೆಬ್ರವರಿಯಿಂದ ನಿಷೇಧವಿದೆ. ಯಂತ್ರ ಪಕ್ಷಪಾತ ಮಾಡುವುದಿಲ್ಲ ಎಂದೂ ನಾನು ಹೇಳಲಿಲ್ಲ. ಅಮೆಜಾನ್ ತಯಾರಿಸಿದ್ದ ಆಯ್ಕೆ ತಂತ್ರಾಂಶ ಮಹಿಳೆಯರ ಅರ್ಜಿಗಳನ್ನು ಹಿಂದೆ ತಳ್ಳುತ್ತಿದ್ದದ್ದು, ಅದನ್ನು ಕೈಬಿಟ್ಟದ್ದು 2018ರಲ್ಲಿ ಬಯಲಾಯಿತು. ಒಪ್ಪಿಗೆ ಕೇಳುವ ಪುಟವನ್ನು ಓದದೆ ಒತ್ತಬೇಡಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ನಿರ್ಧಾರ ತೆಗೆದುಕೊಳ್ಳುವವರು ಯಾರು ಎಂದು ಎಚ್.ಆರ್.ಗೆ ಮರ್ಯಾದೆಯಾಗಿ ಒಂದು ಮೇಲ್ ಹಾಕಿ ಎಂದೆ. ಹಣ, ಒಟಿಪಿ ಕೇಳಿದರೆ ಅದು ಸಂದರ್ಶನವೇ ಅಲ್ಲ.

ಅಣ್ಣ ಬೇರೆ ಉಪಾಯ ಹೇಳಿಕೊಟ್ಟಿದ್ದ: ಪಕ್ಕದ ಫೋನಿನಲ್ಲಿ ಚಾಟ್‌ಬಾಟ್ ಉತ್ತರ ಕೊಡುತ್ತದೆ, ನೀನು ಓದು. ಬೇಡವೆಂದೆ. ಓದುವ ಕಣ್ಣು ವಿಡಿಯೊದಲ್ಲಿ ಗೊತ್ತಾಗುತ್ತದೆ. ಮುಂದಿನ ಸುತ್ತಿನಲ್ಲಿ ಮನುಷ್ಯರು ಅದೇ ವಿಷಯ ಕೆದಕಿದರೆ ತಬ್ಬಿಬ್ಬಾಗಬೇಕಾಗುತ್ತದೆ. ಮನೆಯಲ್ಲಿ ಪ್ರಶ್ನೆ ಹಾಕಿಸಿಕೊಂಡು ಅಭ್ಯಾಸ ಮಾಡಲು ಅದೇ ಚಾಟ್‌ಬಾಟ್ ಬಳಸಿ, ತೊಂದರೆಯಿಲ್ಲ.

ಇನ್ನು ಮಳೆ. ಜುಲೈ ತಿಂಗಳು, ಶೀಟಿನ ಮನೆ. ಮಳೆ ಹೊಡೆದರೆ ಒಂದೇ ಕೋಣೆಯಲ್ಲಿದ್ದವರಿಗೂ ಮಾತು ಕೇಳಿಸದು, ಮೈಕಿಗೆ ಏನು ಕೇಳಿಸೀತು! ಕರೆಂಟೂ ಹೇಳದೆ ಕೇಳದೆ ಹೋಗುತ್ತದೆ. ಕುಶಾಲನಗರದಲ್ಲಿ ಚಿಕ್ಕಮ್ಮನದು ತಾರಸಿ ಮನೆ, ಅಲ್ಲಿ ಮಳೆಯೂ ಕಡಿಮೆ. ಹಿಂದಿನ ದಿನವೇ ಅಲ್ಲಿಗೆ ಹೋಗಿ, ಲ್ಯಾಪ್‌ಟಾಪ್ ತುಂಬಾ ಚಾರ್ಜ್ ಮಾಡಿಟ್ಟು, ಎರಡು ಸಿಮ್‌ಗಳ ಹಾಟ್‌ಸ್ಪಾಟ್ ನೋಡಿಕೊಂಡು, ಗಡುವಿನ ಕೊನೆಯ ದಿನಕ್ಕೆ ಕಾಯದೆ ಮುಗಿಸಿ ಎಂದೆ. ಕ್ಯಾಮೆರಾದ ಹಿಂದೆ ಚಿಕ್ಕಮ್ಮನನ್ನು ಕೂರಿಸಿಕೊಳ್ಳಲೇ ಎಂದು ಕೇಳಿದರು. ಅಭ್ಯಾಸಕ್ಕೆ ಆಗಬಹುದು, ಆದರೆ ಅವರು ತಲೆಯಾಡಿಸಬಾರದು. ಆವತ್ತು ಮಾತ್ರ ಒಬ್ಬರೇ ಕೂತುಕೊಳ್ಳಿ ಎಂದೆ.

ಆ ಸುತ್ತು ದಾಟಿದರು. ಮುಂದಿನದರಲ್ಲಿ ಮನುಷ್ಯರಿದ್ದರು, ತೂಕದ ಚೀಟಿಯ ಬಗ್ಗೆಯೇ ಹೆಚ್ಚು ಕೇಳಿದರಂತೆ. ಕೆಲಸದ ಪತ್ರ ಬಂದಿದೆ. ಬೆಂಗಳೂರಿನ ಪಿ.ಜಿ. ಬಾಡಿಗೆ ಕಳೆದರೆ ಸಂಬಳದಲ್ಲಿ ಉಳಿಯುವುದು ಅಷ್ಟಕ್ಕಷ್ಟೇ, ಅಮ್ಮನೂ ಇನ್ನೂ ಒಪ್ಪಿಲ್ಲ. ಮುಂದಿನ ಭೇಟಿಗೆ ಅಮ್ಮನನ್ನೂ ಕರೆತರುತ್ತೇನೆ ಎಂದಿದ್ದಾರೆ.