ನಕ್ಷೆ ಅಂತಿಮವಾಗುವ ಮೊದಲೇ ಕೇಳಬೇಕಾದ್ದು

ಊರಂಚಿನ ದಿಬ್ಬದ ಮೇಲೆ ಎಂಟು ಗಾಳಿಯಂತ್ರ ನಿಲ್ಲಿಸಲು ಕಂಪನಿಯೊಂದು ಮುಂದೆ ಬಂದಿದೆ, ಸದ್ಯದಲ್ಲೇ ಊರವರ ಸಭೆಯಿದೆ, ಅಲ್ಲಿ ಏನು ಕೇಳಬೇಕು, ಶಬ್ದದ ಭಯ ಎಷ್ಟು ನಿಜ ಎಂದು ಬರೆದಿದ್ದೀರಿ.

ಎಲ್ಲಕ್ಕಿಂತ ಮೊದಲು, ಈ ನಕ್ಷೆಯಲ್ಲಿ ಇನ್ನೂ ಏನೇನು ಬದಲಾಯಿಸಬಹುದು ಎಂದು ಕೇಳಿ. ಜಾಗ, ಎತ್ತರ, ದಾರಿ ಎಲ್ಲವೂ ತೀರ್ಮಾನವಾದ ಮೇಲೆ ಕರೆಯುವ ಸಭೆಯಿಂದ ಊರಿಗೆ ಪ್ರಯೋಜನವಿಲ್ಲ. ಗಾಳಿ ಅಳೆಯುವ ಕಂಬ ನೆಡುವಾಗಲೇ ಮಾತುಕತೆ ಶುರುವಾಗಬೇಕು. ಎಲ್ಲ ಋತುಗಳ ಗಾಳಿ ದಾಖಲಾಗಲು ಕನಿಷ್ಠ ಒಂದು ವರ್ಷ ಬೇಕು. ಊರವರ ಮಾತು ಕೇಳಲು ಅಷ್ಟು ಕಾಲ ಧಾರಾಳ. ಗಾಳಿಯ ವೇಗ ಶೇ. 10 ಹೆಚ್ಚಿದರೆ ಅದರಲ್ಲಿರುವ ಶಕ್ತಿ ಸುಮಾರು ಶೇ. 33 ಹೆಚ್ಚುತ್ತದೆ. ಕಂಪನಿಯವರು ದಿಬ್ಬದ ನೆತ್ತಿಯನ್ನು ಸುಲಭಕ್ಕೆ ಬಿಟ್ಟುಕೊಡದಿರುವುದು ಇದಕ್ಕೇ. ಒಂದು ಯಂತ್ರವನ್ನು ಸರಿಸಲು ಒಪ್ಪಿದರೂ ಹೊಸ ನಕ್ಷೆ ನೋಡದೆ ಎದ್ದು ಬರಬೇಡಿ. ಬೀಸುವ ದಿಕ್ಕಿನಲ್ಲಿ ಯಂತ್ರಗಳ ನಡುವೆ ರೆಕ್ಕೆಚಕ್ರದ ವ್ಯಾಸದ 5ರಿಂದ 9 ಪಟ್ಟು, ಅದಕ್ಕೆ ಅಡ್ಡಲಾಗಿ 3ರಿಂದ 5 ಪಟ್ಟು ಅಂತರ ಬಿಡುವುದು ವಾಡಿಕೆ. ಒಂದು ಸರಿದರೆ ಪಕ್ಕದ್ದು ಇನ್ನೊಬ್ಬರ ಮನೆಯತ್ತ ಸರಿಯಬಹುದು.

ಶಬ್ದದ ಭಯ ಆಧಾರವಿಲ್ಲದ್ದಲ್ಲ. ದೊಡ್ಡ ಯಂತ್ರದ ಮೂಲದಲ್ಲಿ ಸುಮಾರು 105 ಡೆಸಿಬೆಲ್ ಶಬ್ದವಿದ್ದರೆ 500 ಮೀಟರ್ ದೂರದಲ್ಲಿ ಅದು 40ರ ಆಸುಪಾಸಿಗೆ ಇಳಿಯುತ್ತದೆ. ಹಗಲಿನ ಸದ್ದುಗದ್ದಲದಲ್ಲಿ ಇದು ಕಿವಿಗೆ ಬೀಳದಿರಬಹುದು. ತೊಂದರೆಯಿರುವುದು ರಾತ್ರಿ. ನೆಲಮಟ್ಟದಲ್ಲಿ ಎಲೆ ಅಲುಗದಿದ್ದರೂ ನೂರು ಮೀಟರ್ ಮೇಲೆ ಗಾಳಿ ಜೋರಾಗಿರುವುದುಂಟು. ಆಗ ಯಂತ್ರ ಭರದಿಂದ ತಿರುಗುತ್ತದೆ, ಅದರ ಸದ್ದನ್ನು ಮುಚ್ಚಲು ಕೆಳಗೆ ಬೇರೆ ಸದ್ದೇ ಇರುವುದಿಲ್ಲ. ಹಾಗಾಗಿ ಹಿನ್ನೆಲೆ ಶಬ್ದವನ್ನು ಯಾವ ಮನೆಗಳ ಬಳಿ, ಎಷ್ಟು ರಾತ್ರಿ ಅಳೆದಿದ್ದಾರೆ, ಲೆಕ್ಕ ಒಂದೇ ಯಂತ್ರದ್ದೋ ಎಂಟೂ ಸೇರಿಯೋ ಎಂದು ಕೇಳಿ. ದೂರು ಬಂದರೆ ರಾತ್ರಿ ವೇಗ ತಗ್ಗಿಸಿ ಓಡಿಸುವ ಷರತ್ತು ಬರವಣಿಗೆಯಲ್ಲಿರಲಿ. ತಿರುಗುವ ರೆಕ್ಕೆಗಳ ನೆರಳು ಕಿಟಕಿಯಲ್ಲಿ ಮಿಟುಕುವ ಕಿರಿಕಿರಿಗೆ ಪರಿಹಾರ ಸುಲಭ: ಆ ಹೊತ್ತನ್ನು ಮೊದಲೇ ಲೆಕ್ಕ ಹಾಕಿ ಯಂತ್ರ ನಿಲ್ಲಿಸಬಹುದು.

ಜನ ಮರೆಯುವುದು ದಾರಿಯನ್ನು. 60 ಮೀಟರ್ ಉದ್ದದ ರೆಕ್ಕೆ ಬರಬೇಕಾದರೆ ತಿರುವುಗಳನ್ನು ಅಗಲಿಸಬೇಕು, ಕ್ರೇನ್ ನಿಲ್ಲಲು ನೆಲ ಸಮಮಾಡಬೇಕು. ಒಂದೊಂದು ಅಡಿಪಾಯಕ್ಕೂ ನೂರಾರು ಘನ ಮೀಟರ್ ಕಾಂಕ್ರೀಟ್ ಬೇಕು. ಇಳಿಜಾರು ಕಡಿದರೆ ಮಳೆನೀರು ಹರಿವು ಬದಲಿಸಿ ಹೊಲಕ್ಕೆ ನುಗ್ಗುತ್ತದೆ. ಚರಂಡಿ, ಮೋರಿಗಳ ನಕ್ಷೆ ಕೇಳಿ. ಹಳ್ಳ ಎಲ್ಲಿ ಉಕ್ಕುತ್ತದೆಂದು ತಿಳಿದ ಹಿರಿಯರನ್ನು ಸ್ಥಳಕ್ಕೆ ಕರೆದೊಯ್ಯಿರಿ.

ಊರು ಒಡೆಯುವುದು ಬಹುಮಟ್ಟಿಗೆ ಹಣದಿಂದ. ಜಮೀನು ಕೊಟ್ಟವರಿಗೆ ಬಾಡಿಗೆ ಬರುತ್ತದೆ, ಸದ್ದು ಕೇಳುವ ನೆರೆಯವರಿಗೆ ಏನೂ ಇಲ್ಲ. ಒಬ್ಬೊಬ್ಬರೊಡನೆ ಗುಟ್ಟಾಗಿ ಕರಾರು ನಡೆದರಂತೂ ಅನುಮಾನ ಹೊಗೆಯಾಡುತ್ತದೆ. ಡೆನ್ಮಾರ್ಕ್ 2008ರ ಕಾನೂನಿನಲ್ಲಿ, ಹೊಸ ಯೋಜನೆಯ ಕನಿಷ್ಠ ಶೇ. 20 ಪಾಲನ್ನು ಕೊಳ್ಳುವ ಅವಕಾಶವನ್ನು ಮೊದಲು 4.5 ಕಿಲೋಮೀಟರ್ ಒಳಗಿನ ನಿವಾಸಿಗಳಿಗೆ ಕೊಡಬೇಕೆಂದು ವಿಧಿಸಿತ್ತು. ನೆರೆಯವರಿಗೂ ಪಾಲು ಕೇಳಲು ಸಂಕೋಚ ಬೇಡ.

ಒಂದೇ ದೊಡ್ಡ ಸಭೆಯಾದರೆ ಗಟ್ಟಿ ದನಿಯ ನಾಲ್ವರ ಮಾತೇ ನಡಾವಳಿಯಾಗುತ್ತದೆ. ಗೇಣಿದಾರರು, ದನ ಕುರಿ ಮೇಯಿಸುವವರು, ಹೆಂಗಸರು ಅವರವರಿಗೆ ಬಿಡುವಾದ ಹೊತ್ತಿನಲ್ಲಿ ಚಿಕ್ಕ ಗುಂಪುಗಳಾಗಿ ಕೂರಲಿ. ಪ್ರತಿ ಆಕ್ಷೇಪದ ಎದುರು ಏನು ಬದಲಾಯಿತು, ಬದಲಾಗದಿದ್ದರೆ ಏಕೆ ಎಂದು ಕಂಪನಿ ಬರೆದುಕೊಡಲಿ.

ಯಂತ್ರದ ಆಯುಸ್ಸು 20ರಿಂದ 25 ವರ್ಷ. ಅಷ್ಟರಲ್ಲಿ ಕಂಪನಿ ಕೈಬದಲಾಗಬಹುದು, ಮುಚ್ಚಿಯೂ ಹೋಗಬಹುದು. ಯಂತ್ರ ಕಳಚುವ ಖರ್ಚಿನ ಠೇವಣಿ ಕೆಲಸ ಶುರುವಾಗುವ ಮೊದಲೇ ಮೂರನೆಯವರ ವಶದಲ್ಲಿರಬೇಕು, ಅಡಿಪಾಯವನ್ನು ಎಷ್ಟು ಆಳದವರೆಗೆ ತೆಗೆಯುತ್ತಾರೆಂಬುದು ಕರಾರಿನಲ್ಲಿರಬೇಕು.

— ಸಂ.